ಕಂಪ್ಲಿಯ ಕಂಪ್ಯೂಟರ್ ಫೋನು

ನಾನು ಮಾಡಿದ ಕೆಲಸಗಳಲ್ಲಿ ಜನ ಮೆಚ್ಚಿದ್ದು ಒಂದೇ ಒಂದು. ಕಂಪ್ಯೂಟರಿಗೆ ಹೊಸಬರಾದವರು, ಇಂಗ್ಲಿಷ್ ಬಾರದಿದ್ದರೂ, ಯಾರ ಕೈಕಾಲು ಹಿಡಿಯದೆ ತಮಗೆ ಬೇಕಾದ ಸಾಫ್ಟ್‌ವೇರನ್ನು ತಾವೇ ಹಾಕಿಕೊಳ್ಳುವಂಥ ಒಂದು ಸಣ್ಣ ಪ್ರೋಗ್ರಾಮು. ಹೊಸಪೇಟೆಯ ಸುತ್ತಮುತ್ತ ಅದು ಪೆನ್ ಡ್ರೈವಿನಿಂದ ಪೆನ್ ಡ್ರೈವಿಗೆ ದಾಟಿಕೊಂಡು ಎಲ್ಲೆಲ್ಲಿಗೋ ಹೋಗಿದೆ. ಯಾರಾದರೂ ಬಂದು ಹೊಗಳಿದರೆ ನಾನೂ ನಕ್ಕು, ಚಹಾ ತರಿಸಿ ಕಳಿಸುತ್ತೇನೆ. ಅವರು ಅತ್ತ ಹೋದ ಮೇಲೆ, ಅದನ್ನು ಮಾಡದೇ ಇದ್ದಿದ್ದರೆ ಕಂಪ್ಲಿಯಿಂದ ಮಧ್ಯಾಹ್ನದ ಫೋನು ಇನ್ನೂ ಬರುತ್ತಿತ್ತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಫೋನು ಮಾಡುತ್ತಿದ್ದವಳು ನನ್ನ ಗೆಳತಿ. ಹೊಸಪೇಟೆಯ ಕಾಲೇಜಿನಲ್ಲಿ ಹುಡುಗಿಯರ ಸಾಲಿನಲ್ಲಿ ನಮ್ಮದು ಒಂದೇ ಬೆಂಚು. ನಮ್ಮದು ಊರೊಳಗಿನ ನಾಮದವರ ಮನೆ, ಈರುಳ್ಳಿ ಕೂಡ ಅಡಿಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಅವಳದು ಸಂಡೂರಿನ ಆಚೆ ಯಶವಂತನಗರ, ಅಪ್ಪ ಗಣಿಯಲ್ಲಿ ಕೆಲಸಕ್ಕಿದ್ದರು. ಕಂಪನಿ ಬಸ್ಸಿನಲ್ಲಿ ಸಂಡೂರಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕಾಲೇಜು ಮುಟ್ಟುವ ಹೊತ್ತಿಗೆ ಅವಳ ಬಿಳಿ ಚೂಡಿದಾರದ ಅಂಚು ಕೆಂಪಗಾಗಿರುತ್ತಿತ್ತು. ನಾನು ರೇಗಿಸಿದರೆ, "ಇದು ಧೂಳಲ್ಲ ಲೇ, ಎಕ್ಸ್‌ಪೋರ್ಟ್ ಕ್ವಾಲಿಟಿ ಅದಿರು" ಎಂದು ಬೀಗುತ್ತಿದ್ದಳು. ನನ್ನ ಬುತ್ತಿಯಲ್ಲಿನ ಚಿತ್ರಾನ್ನ ಅವಳಿಗೆ, ಅವಳ ಬುತ್ತಿಯಲ್ಲಿನ ಈರುಳ್ಳಿ ಪಲ್ಯ ನನಗೆ. ಮನೆಯವರಿಗೆ ಇದು ಕೊನೆಯ ತನಕ ಗೊತ್ತಾಗಲಿಲ್ಲ.

ಓದು ಮುಗಿದ ಮೇಲೆ ಸ್ಟೇಷನ್ ರೋಡಿನ ಒಂದು ಡಿಟಿಪಿ ಅಂಗಡಿಯಲ್ಲಿ ಇಬ್ಬರೂ ಕೆಲಸಕ್ಕೆ ಸೇರಿದೆವು. ಲಗ್ನಪತ್ರಿಕೆ, ಹಂಪಿಯ ಹೋಟೆಲುಗಳ ಮೆನು ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ. ಅಕ್ಷರ ಜೋಡಿಸುವುದರಲ್ಲಿ ಅವಳ ಕೈ ಚಂದ. ಕಂಪ್ಯೂಟರ್ ಕೆಟ್ಟರೆ ಬಿಚ್ಚುವುದು ನನ್ನ ಪಾಲು. ಒಂದು ದಿನ ಅವಳು ತನ್ನ ಲಗ್ನಪತ್ರಿಕೆಯನ್ನೂ ತಾನೇ ಕೂತು ಜೋಡಿಸಿದಳು. ಕಂಪ್ಲಿಯ ರೈಸ್ ಮಿಲ್ಲಿನ ಮನೆತನ, ತುಂಬಿದ ಮನೆ. ನನಗೆ ಮದುವೆಯಾಗಲಿಲ್ಲ. ಅದೊಂದು ಬೇರೆ ಕಥೆ, ಇಲ್ಲಿ ಬೇಡ. ನಾನು ಕಂಪ್ಯೂಟರ್ ಕಲಿಸುವ ಒಂದು ಕೇಂದ್ರದಲ್ಲಿ ಟೀಚರಾದೆ.

ನಮ್ಮ ಕೇಂದ್ರದಲ್ಲಿದ್ದವೆಲ್ಲ ಯಾರೋ ಬಳಸಿ ಬಿಟ್ಟ ಹಳೆಯ ಪೆಟ್ಟಿಗೆಗಳು. ಕೊಂಡು ಹಾಕುವ ಸಾಫ್ಟ್‌ವೇರಿಗೆ ನಮಗೆ ಗತಿ ಇರಲಿಲ್ಲ, ಕದ್ದು ಹಾಕಿದ್ದರಲ್ಲಿ ವೈರಸ್ಸಿನ ಕಾಟ. ಹಾಗಾಗಿ ನಾವು ಕಂಪ್ಯೂಟರ್ ನಡೆಸಲು ಲಿನಕ್ಸ್ ಎಂಬ ಸಾಫ್ಟ್‌ವೇರಿಗೆ ಬಂದೆವು. ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಊಟ ಪುಕ್ಕಟೆ, ಆದರೆ ಬಡಿಸುವವರಿಲ್ಲ, ಅಡಿಗೆಮನೆಗೆ ನಾವೇ ಹೋಗಿ ತಡಕಾಡಿ ಹಾಕಿಕೊಳ್ಳಬೇಕು. ಆಗೆಲ್ಲ ಒಂದು ಸಾಫ್ಟ್‌ವೇರ್ ಹಾಕಬೇಕೆಂದರೆ ಟರ್ಮಿನಲ್ ಎಂಬ ಕಪ್ಪು ಪರದೆ ತೆರೆದು ಇಂಗ್ಲಿಷಿನಲ್ಲಿ ಕಮಾಂಡ್ ಹೊಡೆಯಬೇಕಿತ್ತು. ಇದನ್ನು ಹಾಕಲು ಮೊದಲು ಅದು ಬೇಕು ಅನ್ನುವುದು, ಅದನ್ನು ಹಾಕಲು ಹೋದರೆ ಮೊದಲು ಇದು ಬೇಕು ಅನ್ನುವುದು. ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ ಎಂಬ ಗಾದೆ ಮಾಡಿದವರು ಲಿನಕ್ಸ್ ನೋಡಿಯೇ ಮಾಡಿರಬೇಕು ಎಂದು ನಾನು ಕ್ಲಾಸಿನಲ್ಲಿ ಹೇಳುತ್ತಿದ್ದೆ.

ಗೆಳತಿಯ ಮಿಲ್ಲಿನ ಆಫೀಸಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದು ಮನೆಯ ಮೂಲೆಗೆ ಬಂತು. ಮದುವೆಯಾಗಿ ಕೆಲವು ವರ್ಷ ಕಳೆದಿದ್ದವು, ಅವಳು ಅಕ್ಷರ ಜೋಡಿಸುವುದನ್ನು ಬಿಟ್ಟೂ ಅಷ್ಟೇ ದಿನವಾಗಿತ್ತು. ಅವತ್ತು ಫೋನಿನಲ್ಲಿ ಅವಳ ದನಿಯಲ್ಲಿ ಹಳೆಯ ಹುರುಪಿತ್ತು. "ಅದರಾಗ ಏನರ ಹಾಕಿಕೊಡು ಲೇ. ಕೈ ಸುಮ್ನ ಕುಂತು ಕುಂತು ಜಂಗ್ ಹಿಡದೈತಿ" ಎಂದಳು. ಮನೆಯಲ್ಲೇ ಕೂತು ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆ ಮಾಡಿಕೊಡುವ ಆಸೆ ಅವಳದು. ಅವಳನ್ನು ನೋಡುವ ಆಸೆ ನನ್ನದು. ಮುಂದಿನ ಭಾನುವಾರವೇ ಕಂಪ್ಲಿ ಬಸ್ಸು ಹತ್ತಿದೆ.

ಪೆಟ್ಟಿಗೆ ಬಿಚ್ಚಿದರೆ ಒಳಗೆಲ್ಲ ತೌಡು. ಫ್ಯಾನಿನ ರೆಕ್ಕೆಗಳ ನಡುವೆ ಹಿಟ್ಟಿನ ಹಾಗೆ ಮೆತ್ತಿಕೊಂಡಿತ್ತು. ಬ್ರಷ್ಷಿನಲ್ಲಿ ಝಾಡಿಸುತ್ತಿದ್ದಾಗ ಅವಳ ಅತ್ತೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಎತ್ತರದ ಆಳು, ಹಣೆಯ ತುಂಬ ವಿಭೂತಿ, ಮಿಲ್ಲಿನ ಹಮಾಲರೂ ಅವರ ದನಿಗೆ ಹೆದರುತ್ತಿದ್ದರಂತೆ. ನಾನೂ ಹೆದರಿದೆ. ಏನು ಮಾಡುತ್ತೀರಿ ಎಂದು ಕೇಳಿದರು. ಹಳೆಯದೆಲ್ಲ ಅಳಿಸಿ ಹೊಸದು ಹಾಕುತ್ತೇವೆ ಎಂದು ಡಿಸ್ಕು ತೋರಿಸಿದೆ. ಸರಿ, ಊಟ ಮಾಡಿ ಹಾಕಿರಿ ಎಂದರು.

ಊಟ ಮುಗಿಸಿ ಬಂದು ಡಿಸ್ಕನ್ನು ಒಳಗೆ ತಳ್ಳಿದರೆ ಡ್ರೈವು ಕರಕರ ಎಂದು ಸದ್ದು ಮಾಡಿ ನಿಂತಿತು. ಮತ್ತೆ ತಳ್ಳಿದರೂ ಅದೇ. ಹೊರಗೆ ತೆಗೆದು ತಿರುಗಿಸಿ ನೋಡಿದೆ. ಫಳಫಳ ಹೊಳೆಯಬೇಕಾದ ಮೈ ಮೇಲೆ ದುಂಡಗೆ ಅರಿಶಿನ, ಕುಂಕುಮ, ಪಕ್ಕಕ್ಕೆ ಮೂರು ಬೆರಳಿನ ವಿಭೂತಿ. ಮನೆಗೆ ಬಂದ ಹೊಸ ವಸ್ತುವಿಗೆ ಪೂಜೆ ಮಾಡದೆ ಬಳಸುವ ಪದ್ಧತಿ ಆ ಮನೆಯಲ್ಲಿ ಇಲ್ಲ. ಅತ್ತೆ ಸಂಕೋಚದಿಂದಲೇ ಹೇಳಿದರು. "ಮ್ಯಾಲೆ ನೀವು ಬರದಿದ್ರಿ ಟೀಚರಮ್ಮ. ಅಕ್ಷರದ ಮ್ಯಾಲೆ ಹಚ್ಚಬಾರ್ದಂತ ಹಿಂದ ಹಚ್ಚೀನ್ರಿ."

ಮಾರ್ಕರಿನಲ್ಲಿ ನಾನು ಗೀಚಿದ ಹೆಸರಿಗೆ ಅಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ. ದುಪಟ್ಟಾದಿಂದ ಒರೆಸಿದೆ, ಅರಿಶಿನದ ತರಿಗೆ ಗೀರು ಬಿದ್ದು ಡಿಸ್ಕು ಪೂರ್ತಿ ಸತ್ತಿತು. ಗೆಳತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಬಸ್ ಸ್ಟ್ಯಾಂಡಿಗೆ ಕಳಿಸಲು ಬಂದಾಗ ಅತ್ತೆಯ ಪುಣ್ಯದಿಂದ ನೀನು ಇನ್ನೊಮ್ಮೆ ಬರುವಂತಾಯಿತು ಎಂದಳು. ಇನ್ನೊಂದು ಡಿಸ್ಕು ಬರೆದುಕೊಂಡು ಇನ್ನೊಂದು ಭಾನುವಾರ ಹೋದೆ. ಅವತ್ತು ಪೂಜೆಯನ್ನು ಪೆಟ್ಟಿಗೆಯ ಹೊರಗೆ ಮಾಡಿಸಿದೆವು.

ಲಿನಕ್ಸೇನೋ ಕೂತಿತು. ಆದರೆ ಅವಳ ಕೆಲಸಕ್ಕೆ ಬೇಕಾದ ಒಂದೊಂದು ಸಾಫ್ಟ್‌ವೇರನ್ನೂ ಆಮೇಲೆ ಒಂದೊಂದಾಗಿ ಹಾಕಬೇಕಿತ್ತು. ಕಪ್ಪು ಪರದೆ ನೋಡಿದರೆ ಅವಳು ಕೀಬೋರ್ಡಿನಿಂದ ಕೈ ತೆಗೆದುಬಿಡುತ್ತಿದ್ದಳು. ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಒಂದು ಚುಕ್ಕಿಯೂ ಬೀಳುವುದಿಲ್ಲವಲ್ಲ, ಮೊದಲ ಸಲ ಅವಳು ಕೀಬೋರ್ಡು ಕೆಟ್ಟಿತೆಂದು ತಿಳಿದು ಅದನ್ನು ಬೋರಲು ಹಾಕಿ ತಟ್ಟಿದಳಂತೆ. ಹಾಗೆ ಶುರುವಾಯಿತು ನಮ್ಮ ಫೋನು.

ಆ ಮನೆಯ ರೀತಿ ಹೇಳಬೇಕು, ಇಲ್ಲದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಸೊಸೆಯಂದಿರು ಫೋನು ಮಾಡಬಾರದು ಎಂದು ಯಾರೂ ಹೇಳಿರಲಿಲ್ಲ. ಆದರೆ ಫೋನು ಇಟ್ಟ ಕೂಡಲೇ ಯಾರದು, ಏನಂತೆ ಎಂದು ಒಬ್ಬರಲ್ಲ ಒಬ್ಬರು ಕೇಳುವರು. ತವರಿನ ಫೋನಾದರೆ ಅಪ್ಪನಿಗೆ ಮೈ ಹುಷಾರಿಲ್ಲ ಎಂದೋ, ತಂಗಿಗೆ ಗಂಡು ಬಂದಿದೆ ಎಂದೋ ಹೇಳಬಹುದು. ಗೆಳತಿಯ ಜೊತೆ ಸುಮ್ಮನೆ ಮಾತಾಡಿದೆ ಎನ್ನುವುದು ಆ ಮನೆಯಲ್ಲಿ ಉತ್ತರವೇ ಅಲ್ಲ. ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕುತ್ತಿದ್ದೆ ಎನ್ನುವುದು ಒಳ್ಳೆಯ ಉತ್ತರ. ಅದಕ್ಕೆ ಕಂಪ್ಯೂಟರ್ ಫೋನ್ ಎಂದೇ ಹೆಸರು ಬಿತ್ತು. ಕಂಪ್ಯೂಟರ್ ಫೋನ್ ನಡೆಯುವಾಗ ಯಾರೂ ಅವಳನ್ನು ಕೆಲಸಕ್ಕೆ ಕೂಗುತ್ತಿರಲಿಲ್ಲ.

ಮಧ್ಯಾಹ್ನ ಊಟವಾಗಿ ಮನೆಯವರೆಲ್ಲ ಅಡ್ಡಾಗುವ ಹೊತ್ತಿಗೆ ಅವಳು ಮಾಡುವಳು. ನಮ್ಮ ಕೇಂದ್ರದ ಹಿಂದೆ ಬೇವಿನ ಮರದ ಕೆಳಗೆ ಕಟ್ಟೆ ಇದೆ, ನಾನು ಅಲ್ಲಿ ಕೂತು ಕಮಾಂಡ್ ಹೇಳುವೆ. ಅಕ್ಷರ ತಪ್ಪಬಾರದೆಂದು ಊರ ಹೆಸರು ಹಚ್ಚಿ ಹೇಳುವ ಪದ್ಧತಿ ಮಾಡಿಕೊಂಡಿದ್ದೆವು. ಸಂಡೂರಿನ ಎಸ್, ಉಜ್ಜಿನಿಯ ಯು, ದರೋಜಿಯ ಡಿ, ಆಮೇಲೆ ಬರೀ ಓ. ಆನೆಗುಂದಿಯ ಎ ಆದಮೇಲೆ ಪಾಪಿನಾಯಕನಹಳ್ಳಿಯ ಪಿ, ತೋರಣಗಲ್ಲಿನ ಟಿ. ದೂರದಿಂದ ಕೇಳಿದವರು ನಾನು ಬಸ್ಸಿನ ಕಂಡಕ್ಟರ್ ಕೆಲಸಕ್ಕೂ ಸೇರಿದ್ದೇನೆ ಅಂದುಕೊಂಡಿರಬೇಕು.

ಕಮಾಂಡ್ ಹೊಡೆದಾದ ಮೇಲೆ ನಿಜವಾದ ಫೋನು ಶುರು. ಅವಳ ಕಿಟಕಿಗೆ ನೇತುಹಾಕಿದ ಡಾಂಗಲ್ಲಿನ ಇಂಟರ್ನೆಟ್ಟು ಎತ್ತಿನ ಗಾಡಿಗಿಂತ ನಿಧಾನ. ಸಾಫ್ಟ್‌ವೇರ್ ಪೂರ್ತಿ ಇಳಿದು ಕೂರಲು ಒಂದು ತಾಸಾದರೂ ಬೇಕು. ಆ ಕಾಯುವ ಹೊತ್ತಿನಲ್ಲಿ ನಾವು ಎಲ್ಲವನ್ನೂ ಮಾತಾಡಿದೆವು. ಅಪ್ಪ ರಿಟೈರಾಗಿ ಗಣಿಯ ಕ್ವಾರ್ಟರ್ಸು ಬಿಟ್ಟುಕೊಟ್ಟ ಮೇಲೆ ಅವಳಿಗೆ ಯಶವಂತನಗರದಲ್ಲಿ ಇಳಿದುಕೊಳ್ಳಲು ಮನೆಯೇ ಇರಲಿಲ್ಲ. ತವರೆಂದರೆ ಈಗ ಬರೀ ಬಸ್ ಸ್ಟಾಪು ಎಂದಳು ಒಮ್ಮೆ. ಮಳೆ ಬಿದ್ದ ಮರುದಿನ ಸಂಡೂರಿನ ಗುಡ್ಡ ಕೆಂಪಿನ ಮೇಲೆ ಹಸಿರಾಗುವುದನ್ನು ನೋಡಬೇಕು ಎನ್ನುತ್ತಿದ್ದಳು, ಕಂಪ್ಲಿಯ ಗದ್ದೆಯ ಹಸಿರು ಅವಳ ಲೆಕ್ಕಕ್ಕೆ ಇರಲಿಲ್ಲ. ನಾನು ಅಮ್ಮನ ಕಣ್ಣು ಮಂಜಾಗುತ್ತಿರುವುದನ್ನು ಹೇಳುತ್ತಿದ್ದೆ. ಮದುವೆಯಾಗದವಳನ್ನು ಮದುವೆಮನೆಗಳಲ್ಲಿ ಜನ ಹೇಗೆ ನೋಡುತ್ತಾರೆ ಎಂಬುದನ್ನು ಹೇಳಿ ನಗಿಸುತ್ತಿದ್ದೆ. ಅವಳು ನಕ್ಕರೆ ನನಗೂ ಅದು ನಗುವ ವಿಷಯವೇ ಅನ್ನಿಸುತ್ತಿತ್ತು.

ಮಾತಿನ ನಡುವೆ ಯಾರಾದರೂ ಆ ಕಡೆ ಬಂದರೆ ಅವಳು ಇದ್ದಕ್ಕಿದ್ದಂತೆ ದನಿ ಏರಿಸಿ, ನಲವತ್ತು ಪರ್ಸೆಂಟ್ ಆಯಿತು ನೋಡು ಎನ್ನುವಳು. ಪರ್ಸೆಂಟ್ ಎಂದರೆ ಮನೆಯವರು ಬಂದಿದ್ದಾರೆ ಎಂದರ್ಥ. ನಾನು ಬಾಯಿ ಮುಚ್ಚಿಕೊಳ್ಳುವೆ. ಅವರು ಹೋದ ಮೇಲೆ ಕಥೆ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುವುದು. ಬಹಳ ಸಲ ಬಂದವರು ಅತ್ತೆಯೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾವು ನಮ್ಮ ಜಾಣತನಕ್ಕೆ ಹಿಗ್ಗಿಕೊಳ್ಳುತ್ತಿದ್ದೆವು. ಕರೆಂಟು ಹೋಗಿ ಎಲ್ಲ ನಿಂತುಹೋದರಂತೂ ಹಬ್ಬ, ಮರುದಿನ ಮತ್ತೆ ಮೊದಲಿನಿಂದ ಹಾಕಬೇಕು.

ಅಮ್ಮ ತೀರಿಕೊಂಡ ದಿನಗಳಲ್ಲಿ ಅವಳು ದಿನಾ ಮಧ್ಯಾಹ್ನ ಮಾಡಿದಳು. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಹಾಕಬೇಕು, ಹೇಳು ಎಂದಳು. ಅದನ್ನು ಹೋದ ತಿಂಗಳೇ ಹಾಕಿದ್ದೆವಲ್ಲ ಎಂದೆ. ಕೆಟ್ಟಿದೆ, ಮತ್ತೆ ಹೇಳು ಎಂದಳು. ನಾನು ಮೂಗು ಒರೆಸಿಕೊಳ್ಳುತ್ತ ಸಂಡೂರು, ಉಜ್ಜಿನಿ, ದರೋಜಿ ಎಂದು ಹೇಳಿದೆ. ಅವಳು ಒಂದೊಂದಕ್ಕೂ ಹೂಂ, ಹೂಂ ಎನ್ನುತ್ತಿದ್ದಳು. ಆ ಹೂಂಗುಟ್ಟುವಿಕೆಯಲ್ಲೇ ನಾನು ಆ ವಾರ ಕಳೆದೆ.

ಹೀಗೇ ನಡೆದುಕೊಂಡು ಹೋಗಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಒಂದು ಸಲ ಅವಳ ಕೆಲಸಕ್ಕೇ ಪೆಟ್ಟು ಬಿತ್ತು. ಒಂದು ಶಾಲೆಯ ಪ್ರಶ್ನೆಪತ್ರಿಕೆಗಳು ಅವಳಿಗೆ ಸಿಕ್ಕಿದ್ದವು, ಅದೇ ಅವಳ ದೊಡ್ಡ ಕೆಲಸ. ಕೊಡಬೇಕಾದ ಹಿಂದಿನ ದಿನ ಏನೋ ಅಪ್‌ಡೇಟ್ ಆಗಿ ಕನ್ನಡದ ಅಕ್ಷರಗಳೆಲ್ಲ ಚೌಕ ಚೌಕ ಡಬ್ಬಿಯಾದವು. ಅವಳು ನನಗೆ ಫೋನು ಮಾಡಿದಳು. ನಾನು ಅವತ್ತು ಕ್ಲಾಸಿನವರನ್ನು ಫೋಟೊ ತೆಗೆಯುವುದು ಕಲಿಸಲು ಹಂಪಿಗೆ ಕರೆದುಕೊಂಡು ಹೋಗಿದ್ದೆ. ಹೇಮಕೂಟದ ಆಚೆ ಬಂಡೆಗಳ ಸಂದಿಯಲ್ಲಿ ಟವರ್ ಸಿಗಲಿಲ್ಲ. ಸಂಜೆ ಕಮಲಾಪುರಕ್ಕೆ ಬಂದಾಗ ಅವಳ ಮಿಸ್ಡ್ ಕಾಲುಗಳು ಒಂದರ ಹಿಂದೊಂದು ಟಣಟಣ ಎಂದು ಬಂದವು. ಅಷ್ಟರಲ್ಲಿ ಶಾಲೆಯವರು ಬೇರೆ ಅಂಗಡಿಗೆ ಹೋಗಿದ್ದರು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಿನ್ನ ಕೈ ಹಿಡಿದೇ ನಡೆಯುವವಳು ನಾನು, ನನ್ನ ಹಣೆಬರಹ ಎಂದಳು, ಅಷ್ಟೆ.

ಆ ಮಾತು ನನಗೆ ಚುಚ್ಚಿತು. ಅವಳು ಯಾರ ಕೈಯನ್ನೂ ಹಿಡಿಯದೆ ಕೆಲಸ ಮಾಡುವ ಹಾಗೆ ಮಾಡಿಕೊಡುತ್ತೇನೆ ಎಂದು ಹಟಕ್ಕೆ ಬಿದ್ದೆ. ಕ್ಲಾಸಿನ ಹೊಸಬರೂ ಎಡವುತ್ತಿದ್ದುದು ಅಲ್ಲೇ. ಹೊಸಬರಿಗೆ ಸಾಫ್ಟ್‌ವೇರಿನ ಹೆಸರು ಗೊತ್ತಿರುವುದಿಲ್ಲ, ತಮಗೆ ಆಗಬೇಕಾದ ಕೆಲಸ ಗೊತ್ತಿರುತ್ತದೆ. ಹಾಗಾಗಿ ನನ್ನ ಪ್ರೋಗ್ರಾಮಿನಲ್ಲಿ ಹೆಸರುಗಳೇ ಇಲ್ಲ. ತೆರೆದರೆ ದೊಡ್ಡ ದೊಡ್ಡ ಗುಂಡಿಗಳು: ಪತ್ರ ಬರೆಯಲು, ಲಗ್ನಪತ್ರಿಕೆ ಮಾಡಲು, ಫೋಟೊ ತಿದ್ದಲು, ಕನ್ನಡ ಟೈಪ್ ಮಾಡಲು. ಪುಸ್ತಕದ ಕನ್ನಡದಲ್ಲಿ ಅನುಸ್ಥಾಪಿಸು ಎನ್ನುತ್ತಾರೆ, ಅದನ್ನು ಓದಿದರೆ ಪುರೋಹಿತರನ್ನು ಕರೆಸಬೇಕೇನೋ ಅನ್ನಿಸುತ್ತದೆ. ನಾನು "ಹಾಕು" ಎಂದೇ ಬರೆದೆ. ತೆಗೆಯಬೇಕಾದರೆ "ತೆಗೆ". ಎಲ್ಲವನ್ನೂ ಪೆನ್ ಡ್ರೈವಿನಲ್ಲೇ ತುಂಬಿದೆ, ಇಂಟರ್ನೆಟ್ಟಿನ ಹಂಗು ಬೇಡ. ಕರೆಂಟು ಹೋದರೂ ನಿಂತಲ್ಲಿಂದಲೇ ಮುಂದುವರಿಯುವ ಹಾಗೆ ಮಾಡಿದೆ. ಪಾಸ್‌ವರ್ಡ್ ಕೇಳುವ ಕಡೆ, ಕಾಣದಿದ್ದರೂ ಬೀಳುತ್ತಿದೆ, ಧೈರ್ಯವಾಗಿ ಹೊಡೆಯಿರಿ ಎಂದು ಬರೆದೆ.

ಸುಲಭವಾಗಿ ಆಗಲಿಲ್ಲ. ನಾನು ಪ್ರೋಗ್ರಾಮ್ ಬರೆಯುವುದರಲ್ಲಿ ಅಂಥ ಪಂಡಿತೆಯಲ್ಲ. ಮುಖ ನೋಡದ ಯಾರು ಯಾರೋ ಇಂಟರ್ನೆಟ್ಟಿನಲ್ಲಿ ನನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಆದರೆ ಎಲ್ಲಿ ಏನು ಬೇಕೆಂದು ಹೇಳಿಕೊಟ್ಟವಳು ಅವಳೇ, ಅವಳಿಗೆ ಗೊತ್ತಿಲ್ಲದೆ. ಎಲ್ಲಿ ಅವಳು ಗಾಬರಿಯಾಗುತ್ತಿದ್ದಳು, ಯಾವ ಸಾಲು ಓದಿ ಈಗ ಏನು ಮಾಡಲಿ ಎನ್ನುತ್ತಿದ್ದಳು, ಎಲ್ಲ ನನ್ನ ಕಿವಿಯಲ್ಲಿತ್ತು. ಅಲ್ಲಲ್ಲಿ ಒಂದೊಂದು ಮಾತು ಬರೆದು ಇಟ್ಟೆ, ನಾನು ಪಕ್ಕದಲ್ಲಿ ಕೂತು ಹೇಳಿದ ಹಾಗೆ. ಅಷ್ಟು ಪ್ರೀತಿಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ನಾದಿನಿಯ ಮದುವೆಗೆ ಸೀರೆ ಕೊಳ್ಳಲು ಅವಳು ಹೊಸಪೇಟೆಗೆ ಬಂದಾಗ ಒಂದು ಗಳಿಗೆ ಬಿಡುವು ಮಾಡಿಕೊಂಡು ಸಿಕ್ಕಳು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. ನಾನು ಪೆನ್ ಡ್ರೈವನ್ನು ಅವಳ ಕೈಯಲ್ಲಿಟ್ಟು ಎಲ್ಲ ವಿವರಿಸಿದೆ. ಹೆಮ್ಮೆಯಿಂದ ಉಬ್ಬಿಹೋಗಿದ್ದೆ. ಕೊನೆಗೆ ಹೇಳಿದೆ, "ಇನ್ ಮ್ಯಾಲೆ ನನ್ನ ಕೇಳೋ ಗೋಜೇ ಇಲ್ಲ ನಿನಗ."

ಅವಳು ಪೆನ್ ಡ್ರೈವನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. "ಭಾಳ ಚೊಲೊ ಆತು ಬಿಡು" ಎಂದಳು. ಪರ್ಸಿನ ಒಳಗಿನ ಜಿಪ್ಪಿನಲ್ಲಿ ಜೋಪಾನವಾಗಿ ಇಟ್ಟುಕೊಂಡಳು. ಅವಳ ತಟ್ಟೆಯಲ್ಲಿ ಅರ್ಧ ಮಿರ್ಚಿ ಹಾಗೇ ಉಳಿದಿತ್ತು, ಹಿಂದೆಂದೂ ಅವಳು ಹಾಗೆ ಬಿಟ್ಟವಳಲ್ಲ. ಸೀರೆಯ ಅವಸರ ಎಂದುಕೊಂಡೆ.

ಮರುದಿನ ಫೋನು ಬಂತು. ಹಾಕಿದೆ, ಎಲ್ಲ ಬಂತು, ಬಹಳ ಸುಲಭ ಇದೆ ಎಂದಳು. ಕಾಯುವುದೇನೂ ಇರಲಿಲ್ಲ, ಹಾಗಾಗಿ ಬೇಗ ಮುಗಿಯಿತು. ಆಮೇಲೆ ಬರಲಿಲ್ಲ.

ಮೊದಮೊದಲು ಮದುವೆಯ ಗಡಿಬಿಡಿ ಇರಬೇಕು ಅಂದುಕೊಂಡೆ. ಆಮೇಲೆ ಭತ್ತದ ಸುಗ್ಗಿ, ಮಿಲ್ಲಿನ ಕೆಲಸ ಅಂದುಕೊಂಡೆ. ಮಧ್ಯಾಹ್ನ ಕಟ್ಟೆಯ ಮೇಲೆ ಕೂರುವುದನ್ನು ನಾನು ಬಿಡಲಿಲ್ಲ. ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಬೇವಿನ ಹಣ್ಣು ಬೀಳುವುದನ್ನು ನೋಡುತ್ತಿದ್ದೆ. ನಾನೇ ಮಾಡಬಹುದಿತ್ತು ಎನ್ನುತ್ತೀರಿ. ಮಾಡಿ ಏನನ್ನಲಿ? ಇಟ್ಟ ಮೇಲೆ ಯಾರದು, ಏನಂತೆ ಎಂದು ಕೇಳಿದರೆ ಅವಳು ಏನು ಹೇಳಬೇಕು? ಜೊತೆಗೆ ನನಗೊಂದು ಕೆಟ್ಟ ಬಿಗುಮಾನವೂ ಇದೆ. ಬೇಕಿದ್ದರೆ ಅವಳೇ ಮಾಡಲಿ, ಕೆಲಸ ಆದ ಮೇಲೆ ಟೀಚರ್ ಯಾರಿಗೆ ಬೇಕು ಎಂದು ಮುಖ ಊದಿಸಿಕೊಂಡೆ. ಕೈಯಾರೆ ಕಾಲ ಮೇಲೆ ಕಲ್ಲು ಎತ್ತಿಹಾಕಿಕೊಂಡವರು ಕಲ್ಲಿಗೆ ಬೈಯುವುದು ಹೀಗೇ.

ಅತ್ತ ಪ್ರೋಗ್ರಾಮು ಮಾತ್ರ ಊರೂರು ತಿರುಗಿತು. ಗಾದಿಗನೂರಿನ ಹೆಂಗಸರು ಬಂದು ಹಾಕಿಸಿಕೊಂಡು ಹೋದರು. ಮಲಪನಗುಡಿಯ ಝೆರಾಕ್ಸ್ ಅಂಗಡಿಯವರು ಕೇಳಿ ಪಡೆದರು. ಮೊದಲೆಲ್ಲ ಹೊಸದಾಗಿ ಕಲಿತವರು ವಾರಕ್ಕೊಮ್ಮೆಯಾದರೂ ನನ್ನ ಬಳಿ ಓಡಿ ಬರುತ್ತಿದ್ದರು, ಈಗ ಯಾರೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕಲಿಸುವವರಿಗೆ ಇದಕ್ಕಿಂತ ಸಂತೋಷ ಏನಿದೆ ಎಂದು ಕೇಂದ್ರದ ಹಿರಿಯರು ಹೇಳಿದರು. ನಾನು ಹೌದೆಂದೆ. ಸಂತೋಷವೂ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಮಧ್ಯಾಹ್ನ ಮೂರರ ಹೊತ್ತಿಗೆ ಅದು ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ.

ವರ್ಷ ಒಂದಾಗಿ ಎರಡಾಯಿತು. ಹೋದ ಚಳಿಗಾಲದಲ್ಲಿ, ನಮ್ಮ ಹಳೆಯ ಡಿಟಿಪಿ ಅಂಗಡಿಯ ಯಜಮಾನರು ದಾರಿಯಲ್ಲಿ ಸಿಕ್ಕು, ಕಂಪ್ಲಿಯಲ್ಲಿ ಗೆಳತಿಯ ಅತ್ತೆ ತೀರಿಕೊಂಡರಂತೆ ಎಂದರು. ಸಾವಿನ ಮನೆಗೆ ಮಾತಾಡಿಸಿಕೊಂಡು ಬರಲು ಹೋಗುವುದಕ್ಕೆ ಯಾರಿಗೂ ಕಾರಣ ಹೇಳಬೇಕಿಲ್ಲ. ರಜೆ ಹಾಕಿ ಬೆಳಗಿನ ಬಸ್ಸು ಹತ್ತಿದೆ. ಬುಕ್ಕಸಾಗರದ ಬಾಳೆ, ರಾಮಸಾಗರದ ಕಬ್ಬು ದಾಟುವಾಗ, ಒಬ್ಬರು ಸತ್ತಿದ್ದಕ್ಕೆ ಇವಳನ್ನು ನೋಡುವ ಯೋಗ ಬಂತಲ್ಲ ಎಂದು ನಾಚಿಕೆಯಾಯಿತು.

ಅವಳ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಬಾ ಎನ್ನಲಿಲ್ಲ, ಸಾವಿನ ಮನೆಯಲ್ಲಿ ಅನ್ನುವುದಿಲ್ಲ. ಕೈ ಹಿಡಿದು ಒಳಗಿನ ಕೋಣೆಗೆ ಕರೆದುಕೊಂಡು ಹೋದಳು. ಕಂಪ್ಯೂಟರ್ ಅಲ್ಲೇ ಇತ್ತು, ಬಟ್ಟೆ ಮುಚ್ಚಿತ್ತು. ಪಕ್ಕದಲ್ಲಿ ಒಂದು ಪ್ರಿಂಟರು, ಗೋಡೆಗೆ ಅವಳು ಮಾಡಿದ ಲಗ್ನಪತ್ರಿಕೆಗಳ ಮಾದರಿ. ಕೈ ತುಂಬ ಕೆಲಸವಿದೆ ಎಂದಳು. ನನ್ನ ಪ್ರೋಗ್ರಾಮಿನಿಂದ ಓಣಿಯ ಇನ್ನೂ ಕೆಲವರಿಗೆ ತಾನೇ ಹಾಕಿಕೊಟ್ಟಿದ್ದಾಳಂತೆ. ಅವಳು ಯಾರ ಕೈಯನ್ನೂ ಹಿಡಿಯದೆ ನಡೆಯುತ್ತಿದ್ದಳು. ನಾನು ಬಯಸಿದ್ದೂ ಅದನ್ನೇ.

ಅತ್ತೆಯ ಕೊನೆಯ ದಿನಗಳನ್ನು ಹೇಳುತ್ತ ಹೇಳುತ್ತ ಅವಳು ಸ್ವಲ್ಪ ನಕ್ಕಳು. "ಅತ್ತಿ ಭಾಳ ಸಲ ಕೇಳಿದ್ರು, ಟೀಚರಮ್ಮನ ಫೋನ್ ಯಾಕ ಇಲ್ಲ, ಜಗಳಾಡೀರೇನು ಅಂತ. ಇಲ್ರಿ, ಕಂಪ್ಯೂಟರ್ ಈಗ ಕೆಡೂದಿಲ್ಲ ಅಂದೆ. ಹಂಗಾರ ಸ್ವಲ್ಪ ಕೆಡಿಸು ಅಂದ್ರು."

ಸಾವಿನ ಮನೆ ಎಂಬುದನ್ನು ಮರೆತು ನಾನೂ ನಕ್ಕುಬಿಟ್ಟೆ. ಅವರಿಗೆ ಎಲ್ಲ ಗೊತ್ತಿತ್ತೇ ಎಂದು ಕೇಳಿದೆ. ಎಲ್ಲವೂ ಗೊತ್ತಿತ್ತಂತೆ. ಎಂಬತ್ತು ಪರ್ಸೆಂಟ್ ಆದದ್ದು ಮತ್ತೆ ನಲವತ್ತಕ್ಕೆ ಹೇಗೆ ಇಳಿಯುತ್ತದೆ ಎಂದು ಒಂದು ದಿನ ಕೇಳಿದರಂತೆ, ಉತ್ತರಕ್ಕೆ ಕಾಯದೆ ಎದ್ದು ಹೋದರಂತೆ. ಆಮೇಲೆ ಕಂಪ್ಯೂಟರ್ ಫೋನ್ ಶುರುವಾದರೆ ತಾವೇ ಮೊಮ್ಮಕ್ಕಳನ್ನು ಕರೆದುಕೊಂಡು ಹೊರಗಿನ ಕಟ್ಟೆಗೆ ಹೋಗುತ್ತಿದ್ದರಂತೆ. ನಾವು ಹೆದರಿ ಮುಚ್ಚಿಟ್ಟುಕೊಂಡದ್ದನ್ನು ಕಾದವರು ಅವರು. ಅವರನ್ನು ಮತ್ತೊಮ್ಮೆಯಾದರೂ ಬಂದು ಮಾತಾಡಿಸಬೇಕಿತ್ತು ಎಂದು ನನಗೆ ಅಳು ಬಂತು.

ಗೆಳತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ಒಂದು ಹೇಳ್ತೀನಿ, ಸಿಟ್ಟಾಗಬ್ಯಾಡ" ಎಂದಳು. "ನನಗೂ ಎಲ್ಲಾ ಬರ್ತಿತ್ತು ಲೇ. ಶಾಲಿ ಕೆಲಸ ಹೋತಲ್ಲ, ಅವತ್ತ ಕುಂತು ಎಲ್ಲಾ ಕಮಾಂಡ್ ಬಾಯಿಪಾಠ ಮಾಡಿದೆ. ಅದಾದ ಮ್ಯಾಲೆ ಒಂದೂ ಮರ್ತಿಲ್ಲ."

ಮತ್ತೆ ಅಷ್ಟು ದಿನ ಯಾಕೆ ಕೇಳಿದೆ ಎಂದು ನಾನು ಕೇಳಲಿಲ್ಲ. ನನ್ನ ಪ್ರೋಗ್ರಾಮಿಗೆ ಹಿಡಿದ ತಿಂಗಳುಗಳಲ್ಲೆಲ್ಲ ಅವಳು ಬಾರದವಳ ಹಾಗೆ ಕೇಳುತ್ತಿದ್ದಳು, ನಾನು ಅವಳಿಗೆ ಬಾರದು ಎಂದೇ ಅದನ್ನು ಕಟ್ಟುತ್ತಿದ್ದೆ.

"ನೀನ ಅಂದ್ಯಲ್ಲ, ಇನ್ ಮ್ಯಾಲೆ ಕೇಳೋ ಗೋಜಿಲ್ಲ ಅಂತ" ಎಂದಳು. "ಈಕಿಗೆ ಸಾಕಾಗೈತಿ ಅನ್ಕೊಂಡೆ. ಎಷ್ಟ್ ವರ್ಷ ಅಂತ ಹೇಳ್ತಿ ಪಾಪ."

ಸಾಕಾಗಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗಂಗಾವತಿ ಕಡೆಯ ನೆಂಟರು ಬಂದರು, ಹೊರಗೆ ಅಳು ಎದ್ದಿತು, ಅವಳು ಎದ್ದು ಹೋಗಬೇಕಾಯಿತು. ಅವಳ ಸುತ್ತ ಹೆಂಗಸರು ಕೂತರು. ನಾನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಸಾವಿನ ಮನೆಯಿಂದ ಹೊರಡುವಾಗ ಬರುತ್ತೇನೆ ಎನ್ನಬಾರದು. ಏನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಬಸ್ಸಿನಲ್ಲಿ ಹೊಸಪೇಟೆ ಬರುವ ತನಕ ಸಾಕಾಗಿರಲಿಲ್ಲ ಎಂಬ ಆ ಒಂದು ಪದವನ್ನು ಬಾಯೊಳಗೆ ಇಟ್ಟುಕೊಂಡೇ ಬಂದೆ.

ಕರ್ಮಾಂತರವೆಲ್ಲ ಮುಗಿದು ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಅವಳ ಫೋನು ಬಂತು. ನಾನು ಕ್ಲಾಸಿನ ನಡುವೆ ಇದ್ದೆ, ಎಲ್ಲರನ್ನೂ ಬಿಟ್ಟು ಹೊರಗೆ ಓಡಿದೆ. ಏನಾಯಿತು, ಯಾವುದು ಕೆಟ್ಟಿತು ಎಂದು ಗಾಬರಿಯಿಂದ ಕೇಳಿದೆ.

"ಏನೂ ಕೆಟ್ಟಿಲ್ಲ" ಎಂದಳು. "ಸುಮ್ನ ಮಾಡಿದೆ."

ಇಷ್ಟು ವರ್ಷಗಳಲ್ಲಿ ಅವಳು ಸುಮ್ಮನೆ ಮಾಡಿದ್ದು ಅದೇ ಮೊದಲು. ಮನೆಯಲ್ಲಿ ಈಗ ಕೇಳುವವರು ಯಾರೂ ಇಲ್ಲ, ಅತ್ತೆಯ ನಂತರ ಯಜಮಾನಿ ಅವಳೇ. ಊಟವಾಯಿತೇ ಎಂದೆ, ಆಯಿತು ಎಂದಳು. ಅವಳೂ ಕೇಳಿದಳು, ನಾನೂ ಆಯಿತು ಎಂದೆ. ಮಿಲ್ಲು ನಡೆಯುತ್ತಿದೆಯೇ ಎಂದೆ, ನಡೆಯುತ್ತಿದೆ ಎಂದಳು. ಆಮೇಲೆ ಇಬ್ಬರಿಗೂ ಏನೂ ಸಿಗಲಿಲ್ಲ. ಮೊದಲು ಮಾತು ತಾನಾಗಿ ಬರುತ್ತಿತ್ತು, ಏನೋ ಒಂದು ಇಳಿಯುವುದನ್ನು ಕಾಯುತ್ತ ಕೂತಿರುತ್ತಿದ್ದೆವಲ್ಲ. ಈಗ ಕಾಯಲು ಏನೂ ಇರಲಿಲ್ಲ.

"ಇಡ್ಲೇನು ಹಂಗಾರ?" ಎಂದಳು.

"ಇಡಬ್ಯಾಡ" ಎಂದೆ.

ಅವಳು ಇಡಲಿಲ್ಲ. ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಅವಳ ಉಸಿರು ಕೇಳಿಸುತ್ತಿತ್ತು.